ನೆಟ್‌ವರ್ಕ್ ಕೈಕೊಟ್ಟಾಗ ಉಳಿಯುವ ದಾರಿ: ಸೀರಿಯಲ್ ಕನ್ಸೋಲ್ ಇಂದಿಗೂ ಏಕೆ ಬೇಕು

ಸರ್ವರ್ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತದೆ. ಪಿಂಗ್‌ಗೆ ಉತ್ತರವಿಲ್ಲ, ಎಸ್‌ಎಸ್‌ಎಚ್ ತೆರೆಯುವುದಿಲ್ಲ. ವಿದ್ಯುತ್ ಹೋಗಿದೆಯೋ, ಡಿಸ್ಕ್ ಕೆಟ್ಟಿದೆಯೋ, ಬೂಟ್ ಆಗುವ ನಡುವೆ ಏನೋ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದೆಯೋ, ಯಂತ್ರ ಚೆನ್ನಾಗಿಯೇ ಇದ್ದು ಒಂದು ತಪ್ಪು ಫೈರ್‌ವಾಲ್ ನಿಯಮದಿಂದ ಮರೆಯಾಗಿದೆಯೋ, ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ರೀತಿ ಕಾಣುತ್ತದೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಅಥವಾ ಯುರೋಪಿನ ಡೇಟಾ ಸೆಂಟರ್‌ಗಳ ಯಂತ್ರಗಳನ್ನು ನೋಡಿಕೊಳ್ಳುವ ಸಾವಿರಾರು ಎಂಜಿನಿಯರುಗಳಿಗೆ ಇದು ರಾತ್ರಿ ಪಾಳಿಯ ನಿತ್ಯದ ಪ್ರಶ್ನೆ. ಎದ್ದು ಹೋಗಿ ಯಂತ್ರಕ್ಕೆ ಮಾನಿಟರ್ ಚುಚ್ಚಿ ನೋಡುವ ಅವಕಾಶ ಅವರಿಗಿಲ್ಲ.

ಇದಕ್ಕೆ ಹಳೆಯ ಉತ್ತರವೊಂದಿದೆ: ಪ್ರತಿ ಸರ್ವರಿನ ಸೀರಿಯಲ್ ಪೋರ್ಟಿನಿಂದ ಒಂದೊಂದು ಕೇಬಲ್ ಎಳೆದು, ಎಲ್ಲವನ್ನೂ ಒಂದು ಟರ್ಮಿನಲ್ ಸರ್ವರಿಗೆ ಸೇರಿಸಿ, ಆ ಪೆಟ್ಟಿಗೆಯ ಮೂಲಕ ಕನ್ಸೋಲ್ ತಲುಪುವುದು. ಹೊಸ ಉತ್ತರಗಳೂ ಇವೆ. ಮದರ್‌ಬೋರ್ಡ್ ಮೇಲೇ ಕುಳಿತ ನಿರ್ವಹಣಾ ಚಿಪ್ ಒಂದು, ಕ್ಲೌಡ್ ಕಂಪನಿಗಳು ಬ್ರೌಸರ್‌ನಲ್ಲೇ ತೋರಿಸುವ ಕನ್ಸೋಲ್ ಇನ್ನೊಂದು. ಇವುಗಳಲ್ಲಿ ಯಾವುದನ್ನು ನಂಬಬೇಕು ಎಂಬುದನ್ನು ವೇಗ, ಅನುಕೂಲ, ಬೆಲೆ ನೋಡಿ ನಿರ್ಧರಿಸುವುದು ರೂಢಿ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ದುರಸ್ತಿಗೆ ಹೋಗುವ ಈ ದಾರಿ ಯಾವ ಯಾವುದರ ಮೇಲೆ ನಿಂತಿದೆ? ಕೆಟ್ಟಿರುವ ವಸ್ತುವೇ ಆ ಪಟ್ಟಿಯಲ್ಲಿದ್ದರೆ, ಅಗತ್ಯ ಬಿದ್ದ ದಿನ ಆ ದಾರಿ ಇರುವುದಿಲ್ಲ.

ಮೂರು ತಂತಿಯ ಸರಳತೆ

ಸೀರಿಯಲ್ ಸಂಪರ್ಕದ ಆರ್‌ಎಸ್-232 ಮಾನದಂಡ ರೂಪುಗೊಂಡದ್ದು 1960ರಲ್ಲಿ; ಬಹುಕಾಲ ಬಳಕೆಯಲ್ಲಿದ್ದ ಸಿ ಆವೃತ್ತಿ 1969ರದು. ಕೆಲಸ ನಡೆಯಲು ಮೂರು ತಂತಿ ಸಾಕು: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಮೈನಸ್ 3ರಿಂದ 15 ವೋಲ್ಟ್ ಇದ್ದರೆ ಒಂದು, ಪ್ಲಸ್ 3ರಿಂದ 15 ವೋಲ್ಟ್ ಇದ್ದರೆ ಸೊನ್ನೆ. ವಿಳಾಸವಿಲ್ಲ, ಪ್ಯಾಕೆಟ್ ಇಲ್ಲ, ಎರಡೂ ತುದಿಗಳ ನಡುವೆ ಮುಂಚಿತ ಒಪ್ಪಂದದ ಮಾತುಕತೆಯೂ ಇಲ್ಲ. ಒಂದು ತುದಿ ಅಕ್ಷರ ಕಳಿಸುತ್ತದೆ, ಇನ್ನೊಂದು ತುದಿಯಲ್ಲಿ ಯಾರಾದರೂ ಇದ್ದರೆ ಓದುತ್ತಾರೆ.

ವೇಗ ಕಡಿಮೆ. 9600 ಬಾಡ್‌ನಲ್ಲಿ ಪ್ರತಿ ಅಕ್ಷರಕ್ಕೆ ಆರಂಭದ ಒಂದು ಬಿಟ್, ಎಂಟು ಡೇಟಾ ಬಿಟ್, ಕೊನೆಯ ಒಂದು ಬಿಟ್ ಸೇರಿ ಹತ್ತು ಬಿಟ್ ಬೇಕು. ಅಂದರೆ ಸೆಕೆಂಡಿಗೆ 960 ಅಕ್ಷರ. 1978ರಲ್ಲಿ ಡಿಇಸಿ ಕಂಪನಿ ತಂದ ವಿಟಿ100 ಟರ್ಮಿನಲ್ಲಿನ ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಅದು ಪೂರ್ತಿ ತುಂಬಲು ಎರಡು ಸೆಕೆಂಡು. ಆದರೆ ಈ ಬಡತನದಲ್ಲೇ ಅದರ ಶಕ್ತಿಯಿದೆ. ಸೀರಿಯಲ್ ಚಿಪ್‌ನಿಂದ ಒಂದು ಅಕ್ಷರ ಹೊರಹಾಕಲು ಕರ್ನಲ್‌ಗೆ ಬೇಕಾದ್ದು ಕೆಲವೇ ಸೂಚನೆಗಳು. ಮೆಮೊರಿ ಹಾಳಾಗಿ, ಡಿಸ್ಕ್ ಕೈಬಿಟ್ಟು, ನೆಟ್‌ವರ್ಕ್ ಡ್ರೈವರ್ ಕುಸಿದ ಮೇಲೂ ಕರ್ನಲ್ ತನ್ನ ಕೊನೆಯ ಮಾತನ್ನು ಈ ತಂತಿಯ ಮೇಲೆ ಹೇಳಿ ನಿಲ್ಲಬಲ್ಲದು. ಆ ಕೊನೆಯ ಮಾತು ಡಿಸ್ಕಿನ ಲಾಗ್ ಫೈಲಿಗೆ ಎಷ್ಟೋ ಸಲ ಸೇರುವುದೇ ಇಲ್ಲ, ಏಕೆಂದರೆ ಬರೆಯಬೇಕಾದ ಡಿಸ್ಕೇ ಕೈಗೆ ಸಿಗದಂತಾಗಿರುತ್ತದೆ.

ದಿಕ್ಕು ಬದಲಿಸಿದ ಪೆಟ್ಟಿಗೆ

ಟರ್ಮಿನಲ್ ಸರ್ವರ್ ಹುಟ್ಟಿದ್ದು ಬೇರೊಂದು ಕೆಲಸಕ್ಕೆ. 1980ರ ದಶಕದಲ್ಲಿ ಒಂದು ಕಚೇರಿಯ ಹತ್ತಾರು ಟರ್ಮಿನಲ್‌ಗಳನ್ನು ದೂರದ ಕಂಪ್ಯೂಟರಿಗೆ ಈಥರ್ನೆಟ್ ಮೂಲಕ ಸೇರಿಸಲು ಡಿಇಸಿಯ ಡೆಕ್‌ಸರ್ವರ್‌ನಂಥ ಪೆಟ್ಟಿಗೆಗಳು ಬಂದವು. ಸೀರಿಯಲ್ ಪೋರ್ಟುಗಳ ಕಡೆ ಜನ, ನೆಟ್‌ವರ್ಕಿನ ಕಡೆ ಯಂತ್ರ. ಡೇಟಾ ಸೆಂಟರ್‌ನಲ್ಲಿ ಇದೇ ಪೆಟ್ಟಿಗೆಯನ್ನು ತಿರುಗಿಸಿ ಬಳಸಿದರು: ಸೀರಿಯಲ್ ಕಡೆ ಯಂತ್ರಗಳ ಕನ್ಸೋಲುಗಳು, ನೆಟ್‌ವರ್ಕಿನ ಕಡೆ ಎಂಜಿನಿಯರ್. 1990ರ ದಶಕದಲ್ಲಿ ಬಹಳ ಬಳಕೆಯಾದ ಸಿಸ್ಕೊ 2511 ರೂಟರ್‌ನಲ್ಲಿ 16 ಸೀರಿಯಲ್ ಲೈನ್‌ಗಳಿದ್ದವು. ಅದರ ವಿಳಾಸಕ್ಕೆ 2001ನೇ ಪೋರ್ಟಿನಲ್ಲಿ ಟೆಲ್‌ನೆಟ್ ಮಾಡಿದರೆ ಮೊದಲ ಲೈನಿಗೆ ಕಟ್ಟಿದ ಯಂತ್ರದ ಕನ್ಸೋಲ್, 2002ರಲ್ಲಿ ಎರಡನೆಯದು. ರಿವರ್ಸ್ ಟೆಲ್‌ನೆಟ್ ಎಂಬ ಹೆಸರು ಬಂದದ್ದು ಹೀಗೆ. ಬಾಡ್ ದರ ಬದಲಿಸುವುದು, ಬ್ರೇಕ್ ಸಂಕೇತ ಕಳಿಸುವುದು ಇತ್ಯಾದಿಯನ್ನೂ ನೆಟ್‌ವರ್ಕ್ ಮೂಲಕವೇ ಮಾಡಲು 1997ರಲ್ಲಿ ಆರ್‌ಎಫ್‌ಸಿ 2217 ಬಂತು. ಮುಂದೆ ಸೈಕ್ಲೇಡ್ಸ್, ಡಿಜಿ, ಲ್ಯಾಂಟ್ರಾನಿಕ್ಸ್, ಓಪನ್‌ಗಿಯರ್ ಮೊದಲಾದ ಕಂಪನಿಗಳು ಒಳಗೆ ಎಸ್‌ಎಸ್‌ಎಚ್, ಲಾಗ್, ಬಳಕೆದಾರರ ಪರವಾನಗಿ ಇಟ್ಟು, ಕನ್ಸೋಲ್ ಸರ್ವರ್ ಎಂಬ ಪ್ರತ್ಯೇಕ ಸಾಧನವನ್ನೇ ರೂಪಿಸಿದವು.

ಇದರ ಜೊತೆಗೇ ಬೆಳೆದ ಮುಕ್ತ ತಂತ್ರಾಂಶ ಕನ್ಸರ್ವರ್. ಅದು ಎಲ್ಲ ಕನ್ಸೋಲುಗಳ ಮಾತನ್ನೂ ಯಾರೂ ನೋಡದಿದ್ದಾಗಲೂ ಫೈಲಿಗೆ ಬರೆದಿಡುತ್ತದೆ; ಒಂದೇ ಕನ್ಸೋಲನ್ನು ಹಲವರು ಒಟ್ಟಿಗೆ ನೋಡಬಹುದು, ಟೈಪ್ ಮಾಡುವ ಹಕ್ಕು ಮಾತ್ರ ಒಂದು ಹೊತ್ತಿಗೆ ಒಬ್ಬರಿಗೆ. ನನ್ನ ಮಟ್ಟಿಗೆ ಕನ್ಸೋಲ್ ಸರ್ವರಿನ ಬೆಲೆಯಲ್ಲಿ ಅರ್ಧ ಈ ದಾಖಲೆಯಲ್ಲಿದೆ. ನಡುರಾತ್ರಿ ಕುಸಿದು ತಾನೇ ರೀಬೂಟ್ ಆದ ಯಂತ್ರ ಬೆಳಗ್ಗೆ ಏನೂ ಆಗದಂತೆ ಕೆಲಸ ಮಾಡುತ್ತಿರುತ್ತದೆ. ಕುಸಿಯುವ ಕ್ಷಣದಲ್ಲಿ ಅದು ಹೇಳಿದ್ದನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಕಾರಣ ಸಿಗುತ್ತದೆ.

ಹತ್ತಿರದಿಂದ ಒಂದು ದುರಸ್ತಿ

ಲಿನಕ್ಸ್ ಸರ್ವರಿನಿಂದ ಹಳೆಯ ಡಿಸ್ಕೊಂದನ್ನು ತೆಗೆದಿದ್ದಾರೆ, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲು ಮಾತ್ರ ಉಳಿದಿದೆ ಎಂದುಕೊಳ್ಳಿ. ವಾರಗಟ್ಟಲೆ ಏನೂ ಆಗುವುದಿಲ್ಲ. ಒಂದು ದಿನ ಕರ್ನಲ್ ಅಪ್‌ಡೇಟ್‌ಗಾಗಿ ರೀಬೂಟ್ ಮಾಡಿದಾಗ ಸಿಸ್ಟಮ್‌ಡಿ ಆ ಡಿಸ್ಕಿಗಾಗಿ 90 ಸೆಕೆಂಡು ಕಾಯುತ್ತದೆ, ಸಿಗದಿದ್ದಾಗ ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಆ ಹಂತದಲ್ಲಿ ಎಸ್‌ಎಸ್‌ಎಚ್ ಇನ್ನೂ ಶುರುವಾಗಿರುವುದಿಲ್ಲ. ಹೊರಗಿನವರಿಗೆ ಸರ್ವರ್ ಸತ್ತಿದೆ; ಒಳಗೆ ಅದು ರೂಟ್ ಪಾಸ್‌ವರ್ಡ್ ಕೇಳಿಕೊಂಡು ಕುಳಿತಿದೆ.

ಕನ್ಸೋಲ್ ಸರ್ವರ್ ಮೂಲಕ ಹೋದವರು ಎಂಟರ್ ಒತ್ತಿದ ತಕ್ಷಣ ಆ ಪ್ರಶ್ನೆ ಕಾಣುತ್ತದೆ. ಪಾಸ್‌ವರ್ಡ್ ಕೊಟ್ಟು, ರೂಟ್ ಫೈಲ್‌ಸಿಸ್ಟಮನ್ನು ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿ, ಆ ಒಂದು ಸಾಲಿನ ಮುಂದೆ ಕಮೆಂಟ್ ಚಿಹ್ನೆ ಹಾಕಿ ರೀಬೂಟ್ ಮಾಡಿದರೆ ಕೆಲಸ ಮುಗಿಯಿತು. ಕನ್ಸೋಲ್ ಇಲ್ಲದವರು ಡೇಟಾ ಸೆಂಟರಿನ ಸಿಬ್ಬಂದಿಗೆ ಫೋನ್ ಮಾಡಿ, ಟಿಕೆಟ್ ಹಾಕಿ, ಅಪರಿಚಿತರೊಬ್ಬರಿಗೆ ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಬೇಕು.

ಆದರೆ ಇದೇ ಘಟನೆಯಲ್ಲಿ ಎರಡು ಬಲೆಗಳಿವೆ. ಮೊದಲನೆಯದು, ಕರ್ನಲ್‌ಗೆ ಬೂಟ್ ಸಮಯದಲ್ಲಿ ಸೀರಿಯಲ್ ಕನ್ಸೋಲಿನ ಹೆಸರು ಹೇಳಿರಬೇಕು. ಪರದೆ ಮತ್ತು ಸೀರಿಯಲ್ ಎರಡನ್ನೂ ಹೇಳಿದ್ದರೆ ಕೊನೆಯಲ್ಲಿ ಬರೆದದ್ದೇ ಮುಖ್ಯ ಕನ್ಸೋಲ್ ಆಗುತ್ತದೆ. ಕ್ರಮ ತಪ್ಪಿದ್ದರೆ ಕರ್ನಲಿನ ಸಾಲುಗಳೆಲ್ಲ ತಂತಿಯ ಮೇಲೆ ಬಂದು, ನಂತರದ ಬೂಟ್ ಸಂದೇಶಗಳು ಯಾರೂ ನೋಡದ ಪರದೆಗೆ ಹೋಗುತ್ತವೆ. ಎರಡನೆಯದು, ಕೆಲವು ವಿತರಣೆಗಳಲ್ಲಿ ರೂಟ್ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ, ಖಾತೆ ಲಾಕ್ ಆಗಿರುತ್ತದೆ. ಆಗ ಎಮರ್ಜೆನ್ಸಿ ಮೋಡ್ ಒಳಗೆ ಬಿಡಲು ನಿರಾಕರಿಸಬಹುದು. ಕೇಬಲ್, ಪೆಟ್ಟಿಗೆ, ನೆಟ್‌ವರ್ಕ್ ಎಲ್ಲ ಸರಿಯಿದ್ದೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ದಾರಿಯೆಂದರೆ ತಂತಿ ಮಾತ್ರವಲ್ಲ, ಕೊನೆಯ ಪಾಸ್‌ವರ್ಡ್‌ವರೆಗಿನ ಎಲ್ಲವೂ ಹೌದು.

ತಂತಿಯ ಕಾಟಗಳು

ಸೀರಿಯಲ್ ಸರಳವಾದರೂ ಸುಲಭವಲ್ಲ. ಎರಡು ತುದಿಯ ಬಾಡ್ ದರ ಬೇರೆಯಾದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಆರ್‌ಜೆ-45 ಸಾಕೆಟ್ ಎಲ್ಲ ಕಡೆ ಒಂದೇ ಥರ ಕಂಡರೂ ಯಾವ ಪಿನ್ ಯಾವ ಕೆಲಸಕ್ಕೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಈ ಗೊಂದಲಕ್ಕೆ ಡೇವ್ ಯೋಸ್ಟ್ 1987ರಲ್ಲೇ ಒಂದು ಏಕರೂಪದ ಜೋಡಣೆ ಸೂಚಿಸಿದರು. ಒಂದೇ ಬಗೆಯ ಕೇಬಲ್‌ನಿಂದ ಯಾವ ಸಾಧನವನ್ನು ಯಾವುದಕ್ಕಾದರೂ ಕಟ್ಟಬಹುದು ಎಂಬುದು ಅದರ ಉದ್ದೇಶ. ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಇಂದಿಗೂ ಹೊಸ ರ‍್ಯಾಕ್ ಕಟ್ಟುವವರು ಅಡಾಪ್ಟರುಗಳ ಡಬ್ಬ ಇಟ್ಟುಕೊಂಡೇ ಹೋಗುತ್ತಾರೆ.

ಇವೆಲ್ಲಕ್ಕಿಂತ ಪಾಠ ಕಲಿಸಿದ್ದು ಬ್ರೇಕ್ ಸಂಕೇತ. ತಂತಿಯನ್ನು ಒಂದು ಅಕ್ಷರದ ಅವಧಿಗಿಂತ ಹೆಚ್ಚು ಹೊತ್ತು ಸೊನ್ನೆಯ ಮಟ್ಟದಲ್ಲಿ ಹಿಡಿದರೆ ಅದು ಬ್ರೇಕ್. ಸನ್ ಕಂಪನಿಯ ಸ್ಪಾರ್ಕ್ ಸರ್ವರುಗಳು ಕನ್ಸೋಲ್‌ನಲ್ಲಿ ಬ್ರೇಕ್ ಬಂದರೆ ಕಾರ್ಯಾಚರಣಾ ವ್ಯವಸ್ಥೆಯನ್ನು ಇದ್ದಲ್ಲೇ ನಿಲ್ಲಿಸಿ ಫರ್ಮ್‌ವೇರಿನ ಓಕೆ ಎಂಬ ಸೂಚನೆಗೆ ಇಳಿಯುತ್ತಿದ್ದವು. ಸಿಕ್ಕಿಹಾಕಿಕೊಂಡ ಯಂತ್ರವನ್ನು ಪರೀಕ್ಷಿಸಲು ಇದು ಉಪಯುಕ್ತವೇ. ಆದರೆ ಕೆಲವು ಟರ್ಮಿನಲ್ ಸರ್ವರುಗಳ ವಿದ್ಯುತ್ ಹೋಗಿ ಬಂದಾಗ ಅವುಗಳ ಪೋರ್ಟುಗಳಲ್ಲಿ ಆಗುವ ವೋಲ್ಟೇಜಿನ ಏರುಪೇರನ್ನು ಸನ್ ಯಂತ್ರಗಳು ಬ್ರೇಕ್ ಎಂದೇ ಓದುತ್ತಿದ್ದವು. ಒಂದು ಪೆಟ್ಟಿಗೆಯ ಪ್ಲಗ್ ಅಲುಗಾಡಿದರೆ ಅದಕ್ಕೆ ಕಟ್ಟಿದ ಸರ್ವರುಗಳೆಲ್ಲ ಒಟ್ಟಿಗೆ ನಿಂತುಬಿಡುತ್ತಿದ್ದವು. ಓಕೆ ಮುಂದೆ ಗೋ ಎಂದು ಟೈಪ್ ಮಾಡಿದರೆ ಮತ್ತೆ ಓಡುತ್ತಿದ್ದವು ನಿಜ, ಅಷ್ಟು ಹೊತ್ತಿಗೆ ಬಳಕೆದಾರರ ಸಂಪರ್ಕಗಳು ಕಡಿದಿರುತ್ತಿದ್ದವು. ಮುಂದೆ ಸೋಲಾರಿಸ್‌ನಲ್ಲಿ ಬದಲಿ ಕ್ರಮ ಬಂತು: ಎಂಟರ್, ಟಿಲ್ಡೆ, ಕಂಟ್ರೋಲ್-ಬಿ ಒಂದರ ಹಿಂದೊಂದು ಬಂದರೆ ಮಾತ್ರ ಬ್ರೇಕ್ ಎಂದು ಪರಿಗಣಿಸುವುದು. ಸುರಕ್ಷೆಗೆಂದು ಇಟ್ಟ ಸಾಧನವೇ ಯಂತ್ರವನ್ನು ಬೀಳಿಸಬಲ್ಲದು ಎಂಬುದನ್ನು ಈ ಅನುಭವ ಒಂದು ತಲೆಮಾರಿನ ನಿರ್ವಾಹಕರಿಗೆ ಕಲಿಸಿತು.

ನಿಧಾನ ವೇಗಕ್ಕೂ ಬೆಲೆ ತೆರಬೇಕು. ಡಿಸ್ಕ್ ದೋಷದಿಂದ ಕರ್ನಲ್ ತಲಾ 80 ಅಕ್ಷರದ ಸಾವಿರ ಸಾಲು ಎಚ್ಚರಿಕೆ ಉಗುಳಿದರೆ 9600 ಬಾಡ್‌ನಲ್ಲಿ ಅದು ಹೊರಬರಲು ಸುಮಾರು 83 ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಯಂತ್ರದ ಇತರ ಕೆಲಸಗಳೂ ತಡವರಿಸಬಹುದು. ವೇಗವನ್ನು 115200ಕ್ಕೆ ಏರಿಸಿದರೆ ಅದು ಏಳು ಸೆಕೆಂಡಿಗೆ ಇಳಿಯುತ್ತದೆ. ಲಿನಕ್ಸ್ ಕರ್ನಲಿಗೆ ರಿಯಲ್-ಟೈಮ್ ಸಾಮರ್ಥ್ಯ ಪೂರ್ತಿಯಾಗಿ ಸೇರಿದ್ದು 2024ರ ನವೆಂಬರಿನ 6.12 ಆವೃತ್ತಿಯಲ್ಲಿ. ಅದಕ್ಕೆ ಮುಂಚಿನ ಕೊನೆಯ ದೊಡ್ಡ ಅಡಚಣೆಗಳಲ್ಲಿ ಒಂದು ಕನ್ಸೋಲಿಗೆ ಸಂದೇಶ ಮುದ್ರಿಸುವ ಈ ಭಾಗವೇ ಆಗಿತ್ತು.

ಮದರ್‌ಬೋರ್ಡಿನೊಳಗೆ ಇನ್ನೊಂದು ಕಂಪ್ಯೂಟರ್

ಇಂದಿನ ಬಹುತೇಕ ಸರ್ವರುಗಳಲ್ಲಿ ಬಿಎಂಸಿ ಎಂಬ ಪುಟ್ಟ ನಿರ್ವಹಣಾ ಕಂಪ್ಯೂಟರ್ ಇರುತ್ತದೆ. ಮುಖ್ಯ ಯಂತ್ರ ಆಫ್ ಆಗಿದ್ದಾಗಲೂ ಅದು ಎಚ್ಚರವಾಗಿರುತ್ತದೆ. ಪವರ್ ಬಟನ್ ಒತ್ತಬಲ್ಲದು, ತಾಪಮಾನ ಓದಬಲ್ಲದು, ಕನ್ಸೋಲ್ ತೋರಿಸಬಲ್ಲದು. ಇದರ ಐಪಿಎಂಐ ಮಾನದಂಡವನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ 1998ರಲ್ಲಿ ಹೊರತಂದವು. 2004ರ ಎರಡನೇ ಆವೃತ್ತಿಯಲ್ಲಿ ಸೀರಿಯಲ್ ಕನ್ಸೋಲನ್ನು ನೆಟ್‌ವರ್ಕ್ ಮೇಲೆ ಸಾಗಿಸುವ ಸೌಲಭ್ಯ ಸೇರಿತು. ಡೆಲ್‌ನ ಐಡ್ರ್ಯಾಕ್, ಎಚ್‌ಪಿಯ ಐಎಲ್‌ಒ ಇದೇ ಜಾತಿಯವು. ಪ್ರತ್ಯೇಕ ಕೇಬಲ್ ಬೇಡ, ಪ್ರತ್ಯೇಕ ಪೆಟ್ಟಿಗೆ ಬೇಡ, ಚಿತ್ರಪರದೆಯೂ ಸಿಗುತ್ತದೆ. ಸಾಮಾನ್ಯ ದಿನಗಳಲ್ಲಿ ಸೀರಿಯಲ್ ಕೇಬಲ್ಲಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ, ಸಂಶಯವಿಲ್ಲ.

ಅದರ ಮಿತಿ ಇರುವುದು ಅದರ ಸಂಕೀರ್ಣತೆಯಲ್ಲಿ. ಬಿಎಂಸಿ ಎಂದರೆ ವೆಬ್ ಸರ್ವರ್, ಪಾಸ್‌ವರ್ಡ್ ಕಡತ ಎಲ್ಲ ಇರುವ ಪೂರ್ಣ ಕಂಪ್ಯೂಟರ್. ಐಪಿಎಂಐ ಎರಡನೇ ಆವೃತ್ತಿಯ ಲಾಗಿನ್ ವಿಧಾನದಲ್ಲೇ, ಪಾಸ್‌ವರ್ಡ್ ಗೊತ್ತಿಲ್ಲದವರು ಕೇಳಿದರೂ ಅದರ ಹ್ಯಾಶ್ ಕೊಡುವ ದೋಷವಿದೆ ಎಂಬುದು 2013ರಲ್ಲಿ ವ್ಯಾಪಕವಾಗಿ ಚರ್ಚೆಯಾಯಿತು. ಮಾನದಂಡದಲ್ಲೇ ಇರುವ ದೋಷವಾದ್ದರಿಂದ ಪ್ಯಾಚ್ ಹಾಕಿ ಸರಿಪಡಿಸಲಾಗದು. 2017ರಲ್ಲಿ ಐಎಲ್‌ಒ 4ರಲ್ಲಿ ಸಿಕ್ಕ ದೋಷ ಇನ್ನೂ ಬೆಚ್ಚಿಬೀಳಿಸುವಂಥದ್ದು: ವೆಬ್ ಕೋರಿಕೆಯ ಒಂದು ಹೆಡರ್‌ನಲ್ಲಿ 29 ಸಲ ಎ ಅಕ್ಷರ ಬರೆದು ಕಳಿಸಿದರೆ ಪಾಸ್‌ವರ್ಡೇ ಇಲ್ಲದೆ ಒಳಗೆ ಹೋಗಬಹುದಿತ್ತು. ಇಷ್ಟಲ್ಲದೆ ಹಲವು ಸರ್ವರುಗಳಲ್ಲಿ ಬಿಎಂಸಿಯು ಮುಖ್ಯ ಯಂತ್ರದ ನೆಟ್‌ವರ್ಕ್ ಪೋರ್ಟನ್ನೇ ಹಂಚಿಕೊಳ್ಳುವಂತೆ ಹೊಂದಿಸಿರುತ್ತಾರೆ. ಒಂದು ಕೇಬಲ್ ಉಳಿಯುತ್ತದೆ, ಸ್ವತಂತ್ರ ದಾರಿ ಹೋಗುತ್ತದೆ. ಮತ್ತೆ, ಸ್ವಿಚ್ ಹಾಗೂ ರೂಟರ್‌ಗಳಿಗೆ ಇಂಥ ಬಿಎಂಸಿ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಕೊನೆಯ ಬಾಗಿಲು ಈಗಲೂ ಸೀರಿಯಲ್ ಪೋರ್ಟೇ. ಬಿಎಂಸಿಯನ್ನು ತಲುಪಬೇಕಾದ ಸ್ವಿಚ್ ಕೆಟ್ಟಾಗ ಆ ಸ್ವಿಚ್ಚನ್ನು ಸರಿಪಡಿಸಲು ಇರುವ ದಾರಿಯೂ ಅದೇ.

ಕ್ಲೌಡ್‌ನಲ್ಲಿ ತಂತಿಯಿಲ್ಲದ ತಂತಿ

ವರ್ಚುವಲ್ ಯಂತ್ರಕ್ಕೆ ತಾಮ್ರದ ತಂತಿ ಇಲ್ಲದಿದ್ದರೂ ಸೀರಿಯಲ್ ಪೋರ್ಟ್ ಇದೆ. ಅಜೂರ್, ಗೂಗಲ್ ಕ್ಲೌಡ್ ಎರಡೂ ಇದನ್ನು ಒದಗಿಸುತ್ತವೆ. ಅಮೆಜಾನ್ ತನ್ನ ಇಸಿ2 ಸೀರಿಯಲ್ ಕನ್ಸೋಲನ್ನು 2021ರ ಮಾರ್ಚಿನಲ್ಲಿ ಆರಂಭಿಸಿತು. ಅರವತ್ತು ವರ್ಷ ಹಳೆಯ ಕಲ್ಪನೆಯೊಂದನ್ನು ಹೊಸ ಕಂಪನಿಗಳು ತಂತ್ರಾಂಶದಲ್ಲಿ ಮರುಸೃಷ್ಟಿಸಿದ್ದೇ ಅದರ ಅಗತ್ಯಕ್ಕೆ ಒಳ್ಳೆಯ ಸಾಕ್ಷಿ. ಆದರೆ ಅಮೆಜಾನಿನಲ್ಲಿ ಖಾತೆಯ ಮಟ್ಟದಲ್ಲಿ ಈ ಸೌಲಭ್ಯವನ್ನು ಮೊದಲೇ ತೆರೆದಿರಬೇಕು, ಲಿನಕ್ಸ್ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಬಳಕೆದಾರರೊಬ್ಬರು ಮೊದಲೇ ಇರಬೇಕು. ಕೀಲಿ ಫೈಲ್ ಮಾತ್ರ ಬಳಸುವ ಇಂದಿನ ಒಳ್ಳೆಯ ಅಭ್ಯಾಸದಲ್ಲಿ ಅಂಥ ಬಳಕೆದಾರ ಇರುವುದೇ ಇಲ್ಲ.

ಇಂಥ ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಯುಕ್ತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನೆಟ್‌ವರ್ಕ್ ಏಳುವ ಮೊದಲೇ ಕುಸಿಯುತ್ತಿದ್ದ ಯಂತ್ರಗಳನ್ನು ದೂರದಿಂದ ಸರಿಪಡಿಸುವುದು ಬಹಳ ಕಡೆ ಸಾಧ್ಯವಾಗಲಿಲ್ಲ; ಜನ ಯಂತ್ರದಿಂದ ಯಂತ್ರಕ್ಕೆ ನಡೆದು ಹೋಗಿ ಒಂದು ಫೈಲ್ ಅಳಿಸಬೇಕಾಯಿತು.

ಬದಲಿ ದಾರಿಯೂ ಮುಚ್ಚಿದ ದಿನ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯವಾದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಕಂಪನಿಯ ಬೆನ್ನೆಲುಬು ಜಾಲವನ್ನೇ ಕಡಿದಿತ್ತು. ಅಂಥ ಆದೇಶವನ್ನು ತಡೆಯಬೇಕಾದ ತಪಾಸಣಾ ಸಾಧನದಲ್ಲೇ ದೋಷವಿತ್ತು. ಡೇಟಾ ಸೆಂಟರುಗಳನ್ನು ತಲುಪಲಾಗದ ಡಿಎನ್‌ಎಸ್ ಸರ್ವರುಗಳು ತಮ್ಮ ವಿಳಾಸಗಳ ಬಿಜಿಪಿ ಘೋಷಣೆಯನ್ನು ತಾವೇ ಹಿಂತೆಗೆದುಕೊಂಡವು. ತುರ್ತು ಸಂದರ್ಭಕ್ಕೆಂದು ಇದ್ದ ಪ್ರತ್ಯೇಕ ಜಾಲವೂ ಕೆಲಸ ಮಾಡಲಿಲ್ಲ ಎಂದು ಕಂಪನಿಯೇ ನಂತರ ತಿಳಿಸಿತು. ಕೊನೆಗೆ ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು. ಮನೆಯ ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂಥ ಸ್ಥಿತಿ ಅದು.

ಮರುವರ್ಷ, 2022ರ ಜುಲೈ 8ರಂದು, ಕೆನಡಾದ ರಾಜರ್ಸ್ ದೂರಸಂಪರ್ಕ ಜಾಲ ಕುಸಿಯಿತು. ಮೊಬೈಲ್, ಇಂಟರ್ನೆಟ್ ಸೇರಿ ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ ಉಳಿದರು. ದೇಶದ ಡೆಬಿಟ್ ಕಾರ್ಡ್ ಪಾವತಿ ನಿಂತಿತು, 911ಕ್ಕೆ ಕರೆ ಮಾಡಲು ಹಲವರಿಗೆ ಆಗಲಿಲ್ಲ. ರೂಟರ್‌ನಲ್ಲಿ ಒಂದು ಫಿಲ್ಟರ್ ತೆಗೆದದ್ದರಿಂದ ಕೋರ್ ರೂಟರುಗಳ ಮೇಲೆ ಮಾರ್ಗಮಾಹಿತಿ ಪ್ರವಾಹದಂತೆ ಸುರಿದದ್ದು ಕಾರಣ. ಆದರೆ ಕಾರಣ ತಿಳಿಯಲೇ ಸುಮಾರು 14 ಗಂಟೆ ಹಿಡಿಯಿತು: ನಿರ್ವಹಣಾ ಜಾಲ ಅದೇ ಕೋರ್ ಜಾಲದ ಮೇಲೆ ನಿಂತಿದ್ದುದರಿಂದ ಲಾಗ್ ನೋಡಲೂ ದಾರಿ ಇರಲಿಲ್ಲ. ಸಿಬ್ಬಂದಿಯ ಫೋನುಗಳೂ ಬಹುಪಾಲು ಅದೇ ಕಂಪನಿಯವು.

ಈ ಎರಡೂ ಕಡೆ ಹಣಕ್ಕಾಗಲೀ ಪರಿಣತಿಗಾಗಲೀ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ದಾರಿಯ ಸ್ವಾತಂತ್ರ್ಯದಲ್ಲಿ. ಇದೇ ತಪ್ಪು ಸೀರಿಯಲ್ ಬಳಸುವವರೂ ಮಾಡಬಲ್ಲರು. ಕನ್ಸೋಲ್ ಸರ್ವರನ್ನು ಉಳಿದೆಲ್ಲ ಸರ್ವರುಗಳಿರುವ ಸ್ವಿಚ್ಚಿಗೇ ಕಟ್ಟಿ, ಅದೇ ಯುಪಿಎಸ್‌ನಿಂದ ವಿದ್ಯುತ್ ಕೊಟ್ಟು, ಲಾಗಿನ್‌ಗೆ ಅದೇ ಕೇಂದ್ರೀಯ ಖಾತೆ ವ್ಯವಸ್ಥೆ ಇಟ್ಟರೆ, ಮೂರು ತಂತಿಯ ಸರಳತೆ ಉಳಿಯುವುದು ಕೊನೆಯ ಒಂದು ಗಜ ದೂರದಲ್ಲಿ ಮಾತ್ರ.

ಬಾಗಿಲು ನಮಗೆ ತೆರೆದರೆ ಪರರಿಗೂ

ಕನ್ಸೋಲ್ ಕೈಯಲ್ಲಿದ್ದವರ ಕೈಯಲ್ಲಿ ಯಂತ್ರವಿದೆ. ಬೂಟ್ ಸಮಯದಲ್ಲಿ ತಡೆದು ಪಾಸ್‌ವರ್ಡ್ ಬದಲಿಸುವ ಕ್ರಮ ಲಿನಕ್ಸ್‌ಗೂ ಗೊತ್ತು, ರೂಟರ್‌ಗಳಿಗೂ ಗೊತ್ತು. 2013ರಲ್ಲಿ ಭದ್ರತಾ ಸಂಶೋಧಕ ಎಚ್.ಡಿ. ಮೂರ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೀರಿಯಲ್ ಸರ್ವರುಗಳು ನೇರವಾಗಿ ಇಂಟರ್ನೆಟ್‌ಗೆ ತೆರೆದಿದ್ದವು. ಅಪಾಯದ ಒಂದು ಮುಖ್ಯ ಕಾರಣ ಸೀರಿಯಲ್‌ನ ಸ್ವಭಾವದಲ್ಲೇ ಇದೆ: ನೆಟ್‌ವರ್ಕ್ ಸಂಪರ್ಕ ಕಡಿದರೂ ತಂತಿಯ ಆ ತುದಿಯ ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಲಾಗೌಟ್ ಮಾಡದೆ ಹೋದ ನಿರ್ವಾಹಕರ ರೂಟ್ ಸೆಷನ್ ಮುಂದೆ ಬರುವವರಿಗಾಗಿ ತೆರೆದೇ ಇರುತ್ತದೆ.

2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ನಡೆದ ದಾಳಿಯಲ್ಲಿ ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಹೋಯಿತು. ಬ್ರೇಕರ್‌ಗಳನ್ನು ತೆರೆದ ದಾಳಿಕೋರರು ಉಪಕೇಂದ್ರಗಳಲ್ಲಿದ್ದ ಸೀರಿಯಲ್-ಈಥರ್ನೆಟ್ ಪೆಟ್ಟಿಗೆಗಳ ಫರ್ಮ್‌ವೇರನ್ನೂ ಕೆಡಿಸಿದರು. ದೂರದಿಂದ ಬ್ರೇಕರ್ ಮುಚ್ಚುವ ದಾರಿ ಹೋದದ್ದರಿಂದ ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಕೈಯಾರೆ ಮುಚ್ಚಬೇಕಾಯಿತು. ಅವು ಸರ್ವರ್ ಕನ್ಸೋಲಿನ ಪೆಟ್ಟಿಗೆಗಳಲ್ಲ, ಆದರೆ ಒಳಗಿನ ಕೆಲಸ ಅದೇ. ಚೇತರಿಕೆಯ ದಾರಿಯನ್ನೇ ಮೊದಲು ಕಡಿಯಬೇಕೆಂಬುದು ಶತ್ರುವಿಗೂ ಗೊತ್ತಿದೆ.

ಮಾಡಬೇಕಾದದ್ದು

ದೊಡ್ಡ ಡೇಟಾ ಸೆಂಟರಿಗೆ ಎರಡೂ ಬೇಕು: ದಿನನಿತ್ಯಕ್ಕೆ ಬಿಎಂಸಿ, ನೆಟ್‌ವರ್ಕ್ ಸಾಧನಗಳಿಗೂ ಕೊನೆಯ ಆಸರೆಗೂ ಸೀರಿಯಲ್. ಕನ್ಸೋಲ್ ಸರ್ವರಿಗೆ ಎರಡು ಮೂಲದಿಂದ ವಿದ್ಯುತ್, ಬೇರೆ ಕಂಪನಿಯ ಇಂಟರ್ನೆಟ್ ಅಥವಾ ಬೇರೆ ಕಂಪನಿಯ 4ಜಿ ಸಿಮ್, ಟೆಲ್‌ನೆಟ್ ಬದಲು ಎಸ್‌ಎಸ್‌ಎಚ್, ಕೇಂದ್ರೀಯ ಲಾಗಿನ್ ಜೊತೆಗೆ ಅದು ಸಿಗದಿದ್ದಾಗ ಕೆಲಸ ಮಾಡುವ ಒಂದು ಸ್ಥಳೀಯ ಖಾತೆ, ಸುಮ್ಮನಿದ್ದ ಸೆಷನ್ ತಾನೇ ಮುಚ್ಚುವ ವ್ಯವಸ್ಥೆ ಇರಲೇಬೇಕು.

ಒಂದೆರಡು ರ‍್ಯಾಕ್ ಇರುವ ಕಾಲೇಜು, ಸಹಕಾರಿ ಬ್ಯಾಂಕು, ಆಸ್ಪತ್ರೆಗಳು ಇದಕ್ಕಾಗಿ ದುಬಾರಿ ಪೆಟ್ಟಿಗೆ ಕೊಳ್ಳಬೇಕಿಲ್ಲ. ಒಂದು ರಾಸ್ಪ್‌ಬೆರಿ ಪೈ ಅಥವಾ ಹಳೆಯ ಪಿಸಿ, ನಾಲ್ಕಾರು ಯುಎಸ್‌ಬಿ-ಸೀರಿಯಲ್ ಕೇಬಲ್, ಕನ್ಸರ್ವರ್ ಅಥವಾ ಸೆರ್‌ಟುನೆಟ್ ತಂತ್ರಾಂಶ ಸಾಕು. ಯುಎಸ್‌ಬಿ ಕೇಬಲ್‌ಗಳ ಹೆಸರು ರೀಬೂಟ್ ಆದಾಗ ಅದಲುಬದಲಾಗಬಹುದು. ಆದ್ದರಿಂದ ಸ್ವಂತ ಕ್ರಮಸಂಖ್ಯೆ ಇರುವ ಚಿಪ್ ಬಳಸಿ, ಅದಕ್ಕೆ ಕಾಯಂ ಹೆಸರು ಕೊಡಬೇಕು. ಇಲ್ಲದಿದ್ದರೆ ಒಂದು ಯಂತ್ರಕ್ಕೆಂದು ಟೈಪ್ ಮಾಡಿದ ರೀಬೂಟ್ ಆದೇಶ ಇನ್ನೊಂದಕ್ಕೆ ಹೋಗುತ್ತದೆ. ಮೊಬೈಲ್ ಜಾಲದಲ್ಲಿ ಹೊರಗಿನಿಂದ ಒಳಗೆ ಬರುವ ಸಂಪರ್ಕ ಸಾಮಾನ್ಯವಾಗಿ ಸಾಧ್ಯವಾಗದು. ಪೈ ತಾನೇ ಹೊರಗಿನ ಒಂದು ವಿಪಿಎನ್‌ಗೆ ಸದಾ ಸಂಪರ್ಕ ಇಟ್ಟುಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಖರ್ಚೇ ಇಲ್ಲ. ತಿಂಗಳಿಗೊಮ್ಮೆ ಕಚೇರಿಯ ನೆಟ್‌ವರ್ಕ್ ಬಿಟ್ಟು, ಮನೆಯ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಡೇಟಾದಿಂದ, ಕಚೇರಿಯ ಡಿಎನ್‌ಎಸ್ ಹಾಗೂ ಲಾಗಿನ್ ವ್ಯವಸ್ಥೆ ಬಳಸದೆ, ಒಂದು ಯಂತ್ರದ ರೂಟ್ ಪ್ರಾಂಪ್ಟ್ ವರೆಗೆ ಹೋಗಿ ನೋಡಬೇಕು. ವಿಳಾಸಗಳು, ಬಾಡ್ ದರ, ಯಾವ ಪೋರ್ಟಿಗೆ ಯಾವ ಯಂತ್ರ ಎಂಬ ಪಟ್ಟಿ ಕಾಗದದಲ್ಲಿ ಇರಬೇಕು; ಅದು ಬೀಳಬಹುದಾದ ವಿಕಿಯಲ್ಲಿದ್ದರೆ ಸಾಲದು. ದಾರಿಯಲ್ಲಿ ಎಲ್ಲಿ ನಿಲ್ಲಬೇಕಾಯಿತೋ ಅಲ್ಲಿ ಒಂದು ಅವಲಂಬನೆ ಅಡಗಿದೆ. ಅದನ್ನು ಅಂದೇ ತೆಗೆದುಹಾಕಬೇಕು. ಕೆಲಸ ಸುಗಮವಾಗಿರುವ ದಿನ ಹೀಗೆ ಹೋಗಿ ಬಂದಿರುವ ಸಂಸ್ಥೆಗೆ ಮಾತ್ರ ಸೀರಿಯಲ್ ಕನ್ಸೋಲ್ ಇದೆ ಎಂದು ಹೇಳಿಕೊಳ್ಳುವ ಹಕ್ಕಿದೆ. ಉಳಿದವರ ಬಳಿ ಇರುವುದು ಕೇಬಲ್ ಮಾತ್ರ.